ಟೋಕನ್ ನಂಬರ್ ೪೧೨

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ
ಮೇಳದ ಹಾಸ್ಯಗಾರನಿಗೆ ಎಂತ ಕೆಲಸ?
ಛತ್ರಿ ರಿಪೇರಿ, ಮೊಣಗಂಟಿಗೆ ಎಣ್ಣೆ, ಮಧ್ಯಾಹ್ನದ ನಿದ್ದೆ.
ಈ ಸಲ ಸಿಸ್ಟರ್ ಜಸಿಂತಾ ಫೋನು ಮಾಡಿದರು:
"ಗುರುವಾರ ಗುರುವಾರ ಬನ್ನಿ, ಮಕ್ಕಳ ವಾರ್ಡಿಗೆ.
ಸಂಭಾವನೆ ಇಲ್ಲ. ಕ್ಯಾಂಟೀನಿನಲ್ಲಿ ಬನ್ಸ್ ಉಂಟು."

ಅತ್ತಾವರದಲ್ಲಿ ಬಸ್ಸಿಳಿದು, ಐದನೇ ಮಹಡಿ.
ಬಣ್ಣ ಹಚ್ಚಬಾರದು, ಸೋಂಕು.
ಗೆಜ್ಜೆ ಕಟ್ಟಬಾರದು, ಪಕ್ಕದ ಕೋಣೆಯಲ್ಲಿ ನಿದ್ದೆ.
ಚೆಂಡೆಯಂತೂ ಗೇಟಿನ ಒಳಗೇ ಇಲ್ಲ.
ಕೈ ತೊಳೆದು, ಮತ್ತೆ ತೊಳೆದು, ಮಾಸ್ಕ್ ಕಟ್ಟಿ ನಿಂತೆ.
ನಲವತ್ತು ವರ್ಷ ಮುಖದಿಂದಲೇ ಅನ್ನ ಉಂಡವನು
ಬರೀ ಎರಡು ಕಣ್ಣಿನಲ್ಲಿ ಎಷ್ಟು ನಗಿಸಬಹುದು?

ಮೊದಲ ವಾರ ನರಿಯಾದೆ.
ಎರಡನೇ ವಾರ ಮರೆಗುಳಿ ಮಂತ್ರಿ.
ಮಕ್ಕಳು ನಕ್ಕರು,
ಸೂಜಿ ಹಿಡಿದು ಬಂದ ಡಾಕ್ಟರಿಗೆ ನಗುವಷ್ಟು.

ಮೂರನೇ ವಾರ, ಏಳನೇ ಮಂಚದ ಮನ್ವಿತಾ,
ಸಸಿಹಿತ್ಲಿನವಳು, ಹತ್ತು ವರ್ಷ,
ತಲೆಯಲ್ಲಿ ಕೂದಲಿಲ್ಲ, ಹುಬ್ಬೂ ಇಲ್ಲ,
ಆದರೂ ಹುಬ್ಬೇರಿಸುವುದು ಗೊತ್ತು:
"ನೀವು ಯಮದೂತ ಮಾಡ್ತೀರಲ್ಲ,
ಅಜ್ಜನ ಮೊಬೈಲಲ್ಲಿ ನೋಡಿದ್ದೇನೆ. ಅದು ಮಾಡಿ."

ಫ್ಯಾನು ಮಾತ್ರ ತಿರುಗಿತು.
ಸಫ್ವಾನನ ಉಮ್ಮನ ಬೆರಳು ತಸ್ಬೀಹಿನ ಮಣಿಯ ಮೇಲೆ ನಿಂತಿತು.
ಯಾರದೋ ಅಪ್ಪ ಎದ್ದು ಕಿಟಕಿಗೆ ಹೋದರು.
ಅಲ್ಲಿ ನೋಡುವುದಕ್ಕೆ ಇದ್ದದ್ದು ಒಂದು ನೀರಿನ ಟಾಂಕಿ.
ಆ ವೇಷಕ್ಕೆ ಗದ್ದೆ ತುಂಬ ಜನ ಬಿದ್ದು ಬಿದ್ದು ನಕ್ಕದ್ದುಂಟು.
ಇಲ್ಲಿ ಹಗ್ಗ ಎತ್ತುವುದು ಹೇಗೆ?
ಸಿಸ್ಟರನ್ನು ನೋಡಿದೆ.
ಅವರು ನನ್ನನ್ನಲ್ಲ, ಮನ್ವಿತಾಳನ್ನು ನೋಡಿದರು,
ಆಮೇಲೆ ತಲೆಯಾಡಿಸಿದರು.

ಡ್ರಿಪ್ಪಿನ ಹೊಸ ನಳಿಗೆಯೊಂದು, ಅದೇ ಯಮಪಾಶ.
ಬಾಗಿಲಾಚೆ ಹೋಗಿ, ತಿರುಗಿ, ಧೊಪ್ಪನೆ ಒಳಗೆ:
"ಹೋಯ್! ಇಲ್ಲಿ ಮನ್ವಿತಾ ಯಾರು?
ಯಜಮಾನರು ಕರೆದಿದ್ದಾರೆ!"

ಊಟದ ಮೇಜನ್ನು ಎದೆಯ ಹತ್ತಿರ ಎಳೆದುಕೊಂಡಳು.
ಮೂಗಿನ ಮೇಲಿಲ್ಲದ ಕನ್ನಡಕ ಸರಿಮಾಡಿದಳು.
"ಟೋಕನ್ ಉಂಟಾ?"
"ಎಂತ ಟೋಕನ್?"
"ಟೋಕನ್ ಇಲ್ಲದೆ ಒಳಗೆ ಯಾರು ಬಿಟ್ಟದ್ದು?
ಕೆಳಗೆ ಹೋಗಿ. ಎರಡನೇ ಕೌಂಟರ್."
ಓಡಿದೆ. ಬಂದೆ.
"ಆಧಾರ್!" ಮೂರನೇ ಮಂಚದಿಂದ ಸಫ್ವಾನ್.
"ಜೆರಾಕ್ಸ್ ಮೂರು ಕಾಪಿ!"
"ವಿಮೆಯವರದ್ದು ಅಪ್ರೂವಲ್ ಆಗ್ಲಿಲ್ಲ, ನಾಳೆ ಬನ್ನಿ!"
ಹದಿನೈದು ದಿನದಿಂದ ಬಾಯಿ ಬಿಡದ ಪುಟ್ಟ ಲೆನ್ಸನ್
ದಿಂಬಿನೊಳಗಿಂದ ಹೇಳಿದ:
"ಊಟದ ಹೊತ್ತು. ಕೌಂಟರ್ ಬಂದ್."

ಮೊದಲು ನಕ್ಕದ್ದು ಅಪ್ಪಂದಿರು,
ಆ ಸಾಲುಗಳಲ್ಲಿ ನಿಂತು ನಿಂತು ಕಾಲು ಬಾತವರು.
ಕಿಟಕಿಯ ಹತ್ತಿರದವರು ತಿರುಗಲಿಲ್ಲ, ಹೆಗಲು ಮಾತ್ರ ಕುಣಿಯಿತು.
ನಾನು ನಳಿಗೆ ಕಾಲಿಗೆ ಸುತ್ತಿ ಬಿದ್ದೆ.
ಅದು ನಟನೆಯಲ್ಲ.

"ಪಟ್ಟಿ ತೋರಿಸಿ."
ಬರೀ ಅಂಗೈ ಚಾಚಿದೆ.
ತುಂಬಾ ಹೊತ್ತು ಓದಿದಳು, ಗೆರೆ ಗೆರೆ.
"ಇದರಲ್ಲಿ ವ ಒತ್ತು ಬಿಟ್ಟುಹೋಗಿದೆ.
ಮನಿತಾ ಅಂದರೆ ಬೇರೆ ಯಾರೋ.
ಸರಿ ಮಾಡಿಸಿಕೊಂಡು ಬನ್ನಿ."
ಮತ್ತೆ ಔಷಧಿ ಚೀಟಿಯ ಅಂಚು ಹರಿದು
ಬರೆದು ಕೊಟ್ಟಳು: ೪೧೨.
"ಕರೀತೇವೆ. ಕೂತಿರಿ."

ಕೂತೆ.
ಕಬ್ಬಿಣದ ಸ್ಟೂಲು, ತಣ್ಣಗಿತ್ತು.
ಅವಳಿಗೆ ನಿದ್ದೆ ಹತ್ತಿದ ಮೇಲೂ ಏಳುವ ಧೈರ್ಯ ಬರಲಿಲ್ಲ.

ದೀಪಾವಳಿ ಕಳೆಯಿತು, ಮೇಳ ಹೊರಡುವ ಹೊತ್ತು.
ಏಳನೇ ಮಂಚ ಇನ್ನೂ ಕೌಂಟರ್ ನಡೆಸುತ್ತಿತ್ತು.
ಮೂರನೆಯದಕ್ಕೆ ಬೇರೆ ಹೆಸರು ಬರೆದಿದ್ದರು.
ಮಣಿಯ ಸದ್ದಿರಲಿಲ್ಲ.
ನಾನು ಕೇಳಲಿಲ್ಲ.
ಬನ್ಸ್ ತಿನ್ನಿ ಅಂದರು ಸಿಸ್ಟರ್. ತಿಂದೆ.

ನಿನ್ನೆ ಬಜ್ಪೆಯ ಗದ್ದೆಯಲ್ಲಿ ಆಟ.
ಯಮದೂತ ನಾನೇ, ಮುಖ ತುಂಬ ಬಣ್ಣ.
ಹಗ್ಗ ಎತ್ತುವ ಮೊದಲು
ಸೊಂಟದಿಂದ ಚೀಟಿ ತೆಗೆದು ಬೆಳಕಿಗೆ ಹಿಡಿದೆ.
"ನಾನೂರ ಹನ್ನೆರಡು. ಇನ್ನೂ ಕರೆದಿಲ್ಲ ಮಾರಾಯ್ರೆ,"
ಅಂತ ರಂಗದ ನಡುವೆ ಕೂತೇಬಿಟ್ಟೆ.
ಜನ ನಕ್ಕರು.
ಭಾಗವತರಿಗೆ ಏನೂ ತಿಳಿಯದೆ
ಎತ್ತಿದ ಜಾಗಟೆಯನ್ನು ಹಾಗೇ ಹಿಡಿದುಕೊಂಡು ಕಾದರು.